ಮಹಾಮಾರಿಯ ನಡುವೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್: ಯೋಜನೆಯ ಸಮಗ್ರ ಮಾರ್ಗದರ್ಶಿ

2020ರ ಮಾರ್ಚ್ 12ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸೇಂಟ್ ಜಾನ್ಸ್ ಮತ್ತು ಕ್ರೈಟನ್ ತಂಡಗಳ ಪಂದ್ಯ ಕೋವಿಡ್ ಕಾರಣಕ್ಕೆ ಅರ್ಧಕ್ಕೇ ನಿಂತಿತು. ದ್ವಿತೀಯಾರ್ಧಕ್ಕೆ ಯಾರೂ ಅಂಗಳಕ್ಕಿಳಿಯಲಿಲ್ಲ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಅದೇ ದಿನ ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ಟೂರ್ನಮೆಂಟ್‌ಗಳನ್ನು ರದ್ದು ಮಾಡಿತು. 1939ರಲ್ಲಿ ಶುರುವಾದ ಪುರುಷರ ಟೂರ್ನಮೆಂಟ್ ಯುದ್ಧಕಾಲದಲ್ಲೂ ತಪ್ಪಿರಲಿಲ್ಲ. ಮೇಲಿನ ಸ್ತರವಾದ ಡಿವಿಷನ್ ಒಂದರ ಕಾಲೇಜುಗಳಿಗೆ ಹಂಚಬೇಕಿದ್ದ 60 ಕೋಟಿ ಡಾಲರ್ 22.5 ಕೋಟಿಗೆ ಇಳಿಯಿತು. ಎರಡನೇ ವರ್ಷವೂ ಟೂರ್ನಮೆಂಟ್ ಕೈತಪ್ಪಿದರೆ ಎಷ್ಟೋ ಕಾಲೇಜುಗಳ ಕ್ರೀಡಾ ವಿಭಾಗವೇ ಮುಳುಗುತ್ತಿತ್ತು. ಹಾಗಾಗಿ 2020-21ರ ಸೀಸನ್ ನಡೆಸಲೇಬೇಕಿತ್ತು, ನಡೆಯಿತು ಕೂಡ. ಈ ಮಾರ್ಗದರ್ಶಿಯ ಲೆಕ್ಕ, ನಿಯಮ, ಎಡವಟ್ಟುಗಳೆಲ್ಲ ಮುಖ್ಯವಾಗಿ ಆ ಸೀಸನ್ನಿನವು.

ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಒಬ್ಬ ಆಟಗಾರನಿಗೆ ಸೋಂಕು ತಗುಲಿದರೆ ನಿಮಗೆ ಒಬ್ಬ ಕಡಿಮೆಯಾಗುತ್ತಾನೆ. ಅವನ ಸಂಪರ್ಕಕ್ಕೆ ಬಂದವರೆಲ್ಲ ಕ್ವಾರಂಟೈನ್‌ಗೆ ಹೋದರೆ ತಂಡವೇ ಇರುವುದಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿರುವುದು ಹದಿಮೂರರಿಂದ ಹದಿನೇಳು ಮಂದಿ. ಫುಟ್‌ಬಾಲ್ (ಅಮೆರಿಕನ್ ಬಗೆಯ) ತಂಡದಂತೆ ನೂರು ಜನರ ದಾಸ್ತಾನು ಇಲ್ಲಿಲ್ಲ. ಆಡುವುದು ಮುಚ್ಚಿದ ಸಭಾಂಗಣದೊಳಗೆ, ಮೈಗೆ ಮೈ ತಾಗಿಸಿ, ಏದುಸಿರು ಬಿಡುತ್ತ. ಆದ್ದರಿಂದ ಮುಂದಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಂದು ಒಬ್ಬರ ವರದಿ ಪಾಸಿಟಿವ್ ಬಂದರೆ ಎಷ್ಟು ಜನ ಮೂಲೆ ಸೇರಬೇಕಾಗುತ್ತದೆ?

ಹಂತ 1: ಯಾರ ಮಾತು ಕೊನೆಯ ಮಾತು ಎಂದು ಬರೆದಿಡಿ

ಕ್ಯಾಲೆಂಡರ್ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಮೇಲಿಂದ ಕೆಳಗೆ ಬರೆಯಿರಿ: ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆರೋಗ್ಯಾಧಿಕಾರಿ, ರಾಜ್ಯ ಸರ್ಕಾರ, ವಿಶ್ವವಿದ್ಯಾಲಯ, ಕಾನ್ಫರೆನ್ಸ್ (ನಿಮ್ಮ ಕಾಲೇಜು ಲೀಗ್ ಆಡುವ ಕಾಲೇಜುಗಳ ಕೂಟ), ಎನ್‌ಸಿಎಎ. ಇವುಗಳಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಎನ್‌ಸಿಎಎ ಆಡಬಹುದು ಎಂದಮಾತ್ರಕ್ಕೆ ಆಡಲು ಬರುವುದಿಲ್ಲ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ 2020ರ ನವೆಂಬರ್ ಕೊನೆಯಲ್ಲಿ ದೇಹಸಂಪರ್ಕದ ಆಟಗಳನ್ನು, ಅಭ್ಯಾಸವೂ ಸೇರಿದಂತೆ, ನಿಷೇಧಿಸಿತು. ಸ್ಟ್ಯಾನ್‌ಫರ್ಡ್ ಪುರುಷರ ತಂಡ ಸಾಂಟಾ ಕ್ರೂಸ್‌ನಲ್ಲಿ ಬಿಡಾರ ಹೂಡಿತು. ಅಲ್ಲಿನ ಮಹಿಳಾ ತಂಡ ಎರಡು ತಿಂಗಳಿಗೂ ಹೆಚ್ಚು ಕಾಲ ಹೋಟೆಲಿನಿಂದ ಹೋಟೆಲಿಗೆ ಅಲೆಯಿತು, ಕೊನೆಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ನ್ಯೂ ಮೆಕ್ಸಿಕೋ ರಾಜ್ಯದ ನಿರ್ಬಂಧದಿಂದಾಗಿ ಅಲ್ಲಿನ ಒಂದು ವಿಶ್ವವಿದ್ಯಾಲಯದ ಪುರುಷರ ತಂಡ ಟೆಕ್ಸಾಸ್‌ನ ಲಬಕ್‌ಗೂ ಇನ್ನೊಂದರದ್ದು ಅರಿಜೋನಾದ ಫೀನಿಕ್ಸ್‌ಗೂ ಗಂಟುಮೂಟೆ ಕಟ್ಟಿದವು.

ಹಾಗಾಗಿ ಬೇರೆ ಆಡಳಿತ ವ್ಯಾಪ್ತಿಯಲ್ಲಿ, ಬಸ್ಸಿನಲ್ಲಿ ಹೋಗಿ ಸೇರಬಹುದಾದ ದೂರದಲ್ಲಿ, ಒಂದು ಬದಲಿ ಅಂಗಳವನ್ನು ಸೆಪ್ಟೆಂಬರ್‌ನಲ್ಲೇ ಮಾತಾಡಿಡಿ. ನೋಡಬೇಕಾದ್ದು ಇಷ್ಟು: 94 ಅಡಿ ಉದ್ದ, 50 ಅಡಿ ಅಗಲದ ಅಂಗಳ, 30 ಸೆಕೆಂಡಿನ ಶಾಟ್ ಕ್ಲಾಕ್, ನೇರಪ್ರಸಾರಕ್ಕೆ ಸಾಲುವ ಇಂಟರ್‌ನೆಟ್, ಎರಡು ತಂಡಗಳು ಎದುರಾಗದಂತೆ ಒಳಬರುವ ಎರಡು ದಾರಿ, ಹತ್ತಿರದಲ್ಲಿ ಒಂದು ಇಡೀ ಮಹಡಿ ಬಿಟ್ಟುಕೊಡಬಲ್ಲ ಹೋಟೆಲ್. ದಿನದ ಬಾಡಿಗೆಗೆ ಒಪ್ಪಿಕೊಳ್ಳಿ. ತಿಂಗಳ ಲೆಕ್ಕಕ್ಕೆ ಮುಂಗಡ ಕೊಟ್ಟರೆ ಅದು ನೀರಿನಲ್ಲಿಟ್ಟ ಹೋಮ.

ಹಂತ 2: ಕ್ಯಾಲೆಂಡರನ್ನು ಕೊನೆಯಿಂದ ಹಿಂದಕ್ಕೆ ಕಟ್ಟಿ

ಮಾಮೂಲಿ ವರ್ಷದಲ್ಲಿ ಮೊದಲ ಪಂದ್ಯದಿಂದ ಶುರು ಮಾಡುತ್ತೀರಿ. ಮಹಾಮಾರಿಯ ವರ್ಷ ಕೊನೆಯ ತಾರೀಖಿನಿಂದ ಶುರು ಮಾಡಿ. 2021ರಲ್ಲಿ 68 ತಂಡಗಳ ಪಟ್ಟಿ ಪ್ರಕಟವಾಗುವ ಸೆಲೆಕ್ಷನ್ ಸಂಡೇ ಮಾರ್ಚ್ 14ಕ್ಕೆ ಬಿತ್ತು. ಅದರ ಹಿಂದಿನ ವಾರ ಕಾನ್ಫರೆನ್ಸ್ ಟೂರ್ನಮೆಂಟಿಗೆ. ಅಂದರೆ ಲೀಗ್ ಪಂದ್ಯಗಳು ಮಾರ್ಚ್ 7ರೊಳಗೆ ಮುಗಿಯಬೇಕು.

ಆರಂಭದ ತಾರೀಖನ್ನು ಎನ್‌ಸಿಎಎ ನವೆಂಬರ್ 10ರಿಂದ 25ಕ್ಕೆ ತಳ್ಳಿತು. ಇದಕ್ಕೆ ಒಳ್ಳೆಯ ಕಾರಣವಿತ್ತು: ಆ ಹೊತ್ತಿಗೆ ಮುಕ್ಕಾಲು ಪಾಲು ಕಾಲೇಜುಗಳಲ್ಲಿ ತರಗತಿ ಮುಗಿದಿರುತ್ತಿದ್ದವು, ಇಲ್ಲವೇ ಆನ್‌ಲೈನ್‌ಗೆ ಹೋಗಿರುತ್ತಿದ್ದವು. ಹಾಸ್ಟೆಲ್ ಖಾಲಿ, ಊಟದ ಹಾಲ್ ಖಾಲಿ, ಆಟಗಾರರಿಗೆ ಹೊರಗಿನವರ ಒಡನಾಟ ಕಡಿಮೆ. ನಿಮ್ಮ ಕಾಲೇಜಿನ ಶೈಕ್ಷಣಿಕ ಕ್ಯಾಲೆಂಡರನ್ನೂ ಇದೇ ಕಣ್ಣಿನಿಂದ ನೋಡಿ. ಕ್ಯಾಂಪಸ್ ಖಾಲಿಯಿರುವ ವಾರಗಳೇ ನಿಮಗೆ ಬಂಗಾರ. ಜನವರಿಯಲ್ಲಿ ವಿದ್ಯಾರ್ಥಿಗಳು ಊರಿನಿಂದ ಮರಳುವ ಮೊದಲ ಎರಡು ವಾರಕ್ಕೆ ಮುಖ್ಯ ಪಂದ್ಯಗಳನ್ನು ತುಂಬಬೇಡಿ.

ಈಗ ಲೆಕ್ಕ. ನವೆಂಬರ್ 25ರಿಂದ ಮಾರ್ಚ್ 7ರವರೆಗೆ 103 ದಿನ. ವಾರಕ್ಕೆ ಎರಡು ಪಂದ್ಯದಂತೆ 29 ಜಾಗ. ಸೆಮಿಸ್ಟರ್ ಪರೀಕ್ಷೆಗೂ ಕ್ರಿಸ್‌ಮಸ್‌ಗೂ ಮೂರು ಕಳೆಯಿರಿ, 26. ಪುರುಷರ ತಂಡಕ್ಕೆ ಆ ವರ್ಷ 25 ಪಂದ್ಯದ ಮಿತಿ. ಮೂರು ಪಂದ್ಯಗಳ ಬಹುತಂಡ ಕೂಟವೊಂದಕ್ಕೆ ಹೋದರೆ ಒಟ್ಟು 27. ರಾಷ್ಟ್ರೀಯ ಟೂರ್ನಮೆಂಟಿನ ಆಯ್ಕೆಗೆ ಪರಿಗಣಿಸಬೇಕಾದರೆ ಡಿವಿಷನ್ ಒಂದರ ಎದುರಾಳಿಗಳೊಡನೆ ಕನಿಷ್ಠ 13 ಪಂದ್ಯ. ನಿಮ್ಮ ಕಣ್ಣು 25ರ ಮೇಲಲ್ಲ, 13ರ ಮೇಲಿರಲಿ.

ಒಂದು ಸಲ ತಂಡ ನಿಂತರೆ 14 ದಿನ ಕ್ವಾರಂಟೈನ್, ಮೈ ಪಳಗಿಸಲು ಮತ್ತೆ ಐದು ದಿನ. ಹತ್ತೊಂಬತ್ತು ದಿನಕ್ಕೆ ಐದಾರು ಪಂದ್ಯ ಹೋಯಿತು. ಎರಡು ಸಲ ನಿಂತರೆ ಹನ್ನೊಂದು. 26ರಲ್ಲಿ 11 ಹೋದರೆ 15: ಬಚಾವ್. ಮೂರನೇ ಸಲ ನಿಂತರೆ 13ರ ಗೆರೆ ದಾಟಲಾಗದು. ಅಂದರೆ ನಿಮ್ಮ ಬಳಿ ಎರಡು ತಪ್ಪಿಗೆ ಜಾಗವಿದೆ, ಮೂರಕ್ಕಿಲ್ಲ.

ಇಲ್ಲೊಂದು ಸೂಕ್ಷ್ಮ. 26 ಜಾಗವನ್ನೂ ತುಂಬಿದರೂ, 21 ತುಂಬಿ ಐದು ಖಾಲಿ ಬಿಟ್ಟರೂ, ಕಾಗದದ ಮೇಲೆ ಉಳಿಯುವ ಸಂಖ್ಯೆ ಒಂದೇ. ಹಾಗಿದ್ದರೆ ಖಾಲಿ ಬಿಡುವುದೇಕೆ? ತುಂಬಿದ ಕ್ಯಾಲೆಂಡರಿನಲ್ಲಿ ಯಾವ ಪಂದ್ಯ ಹೋಗಬೇಕೆಂದು ವೈರಸ್ ನಿರ್ಧರಿಸುತ್ತದೆ. ಖಾಲಿ ಜಾಗವಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ನೀವು ನಿರ್ಧರಿಸುತ್ತೀರಿ. ಆದರೆ ನಿಮ್ಮ ಖಾಲಿ ಮಂಗಳವಾರವೂ ಎದುರಾಳಿಯ ಖಾಲಿ ಮಂಗಳವಾರವೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಎರಡೂ ದಂಡ. ಅದಕ್ಕೇ ಖಾಲಿ ವಾರಗಳನ್ನು ಇಡೀ ಕಾನ್ಫರೆನ್ಸ್ ಒಟ್ಟಿಗೆ ತೀರ್ಮಾನಿಸಬೇಕು: ಜನವರಿ ಕೊನೆಯಲ್ಲಿ ಒಂದು, ಮಾರ್ಚ್ ಮೊದಲ ವಾರ ಇನ್ನೊಂದು.

ನಮ್ಮ ಕಡೆಯ ಕೂಟಗಳಿಗೆ ಈ ತಲೆನೋವು ಇಲ್ಲ. ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ನ 2021ರ ಆವೃತ್ತಿಯನ್ನು ಬೆಂಗಳೂರಿನಲ್ಲಿ 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ನಡೆಸಿದರು. ಹತ್ತು ದಿನದ ಕೂಟವನ್ನು ಹಾಗೆ ಇಡಿಯಾಗಿ ಎತ್ತಿ ಮುಂದಿಡಬಹುದು. ಟಿವಿ ಒಪ್ಪಂದಕ್ಕೂ ಸೆಮಿಸ್ಟರಿಗೂ ಕಟ್ಟಿಹಾಕಿದ ನಾಲ್ಕು ತಿಂಗಳ ಲೀಗ್ ಹಾಗೆ ಜರುಗುವುದಿಲ್ಲ.

ಹಂತ 3: ಎದುರಾಳಿಗಳ ಆಯ್ಕೆ, ಒಪ್ಪಂದ ಪತ್ರ

ಒಂದೇ ಎದುರಾಳಿಯೊಡನೆ ಒಂದೇ ಊರಿನಲ್ಲಿ ಸತತ ಎರಡು ದಿನ, ಶುಕ್ರವಾರ ಮತ್ತು ಶನಿವಾರ, ಆಡುವ ಪದ್ಧತಿಯನ್ನು ಆ ವರ್ಷ ಹಲವು ಸಣ್ಣ, ಮಧ್ಯಮ ಕಾನ್ಫರೆನ್ಸ್‌ಗಳು ಅಳವಡಿಸಿಕೊಂಡವು. ಒಂದು ಪ್ರಯಾಣ, ಒಂದು ಹೋಟೆಲ್, ಒಂದು ಸುತ್ತು ಕೋವಿಡ್ ಪರೀಕ್ಷೆಗೆ ಎರಡು ಪಂದ್ಯ. ಲಾಭ ಕಣ್ಣಿಗೆ ಕಾಣುತ್ತದೆ. ನಷ್ಟವೂ ಇದೆ: ಗುರುವಾರ ಒಂದು ಪಾಸಿಟಿವ್ ಬಂದರೆ ಎರಡೂ ಪಂದ್ಯ ಒಟ್ಟಿಗೆ ಹೋಗುತ್ತವೆ. ವಿಮಾನದಲ್ಲಿ ಹೋಗಬೇಕಾದ ಎದುರಾಳಿಗಳಿಗೆ ಈ ಪದ್ಧತಿ, ಬಸ್ಸಿನ ದೂರದವರಿಗೆ ಹಳೆಯ ಪದ್ಧತಿ, ಹೀಗೆ ಬೆರೆಸುವುದು ಜಾಣತನ.

ಕಾನ್ಫರೆನ್ಸ್ ಹೊರಗಿನವರೊಡನೆ ಕನಿಷ್ಠ ನಾಲ್ಕು ಪಂದ್ಯ ಆಡಿ ಎಂಬುದು ಎನ್‌ಸಿಎಎ ಸಲಹೆಯಾಗಿತ್ತು. ಖರ್ಚು ಉಳಿಸಲು ಇದನ್ನು ಬಿಡಬೇಡಿ. ತಂಡಗಳ ಮಟ್ಟ ಅಳೆಯುವ ನೆಟ್ ಎಂಬ ರ‍್ಯಾಂಕಿಂಗ್ ಸೂತ್ರ, ಲೀಗ್‌ಗಳ ನಡುವೆ ಪಂದ್ಯಗಳಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಕೋಲ್ಗೇಟ್ ತಂಡ ಆ ವರ್ಷ ತನ್ನ ಪುಟ್ಟ ಲೀಗಿನೊಳಗೇ ಬೆರಳೆಣಿಕೆಯ ಎದುರಾಳಿಗಳೊಡನೆ ಆಡಿ ಮೊದಲ ಹತ್ತರೊಳಗೆ ಬಂದು ಕುಳಿತಿತ್ತು. ಆಯ್ಕೆ ಸಮಿತಿ ಅದನ್ನು ನಂಬಲಿಲ್ಲ, ಟೂರ್ನಮೆಂಟಿನ ಹದಿನಾರು ಶ್ರೇಯಾಂಕಗಳಲ್ಲಿ 14ನೆಯದನ್ನು ಕೊಟ್ಟಿತು.

ಬಹುತಂಡ ಕೂಟಗಳಿಗೆ ಮಾತು ಕೊಡುವ ಮುನ್ನ ಪರೀಕ್ಷಾ ನಿಯಮ ಒಂದೇ ಇದೆಯೇ ಎಂದು ನೋಡಿ. ಹವಾಯಿಯ ಮಾವಿ ದ್ವೀಪದ ಕೂಟ ನಾರ್ತ್ ಕೆರೊಲಿನಾದ ಆಶ್‌ವಿಲ್‌ಗೆ ಸ್ಥಳಾಂತರವಾಗಿ ಸುಸೂತ್ರವಾಗಿ ನಡೆಯಿತು. ಒರ್ಲ್ಯಾಂಡೊದಲ್ಲಿ ಇಎಸ್‌ಪಿಎನ್ ಟಿವಿ ವಾಹಿನಿ ಯೋಜಿಸಿದ್ದ ದೊಡ್ಡ ಬಬಲ್ (ಹೊರಗಿನವರ ಸಂಪರ್ಕವಿಲ್ಲದ ಕೂಟ) ಪರೀಕ್ಷಾ ವಿಧಾನದ ಮೇಲಿನ ಭಿನ್ನಾಭಿಪ್ರಾಯದಿಂದ ಸೀಸನ್ ಶುರುವಾಗಲು ಒಂದೇ ತಿಂಗಳಿದ್ದಾಗ ಬಿದ್ದುಹೋಯಿತು.

ಒಪ್ಪಂದ ಪತ್ರದಲ್ಲಿ ಹಳೆಯ "ದೈವಿಕ ವಿಕೋಪ" ಕಲಮು ಸಾಲದು. ಮಹಾಮಾರಿ ಈಗಾಗಲೇ ಗೊತ್ತಿರುವ ಸಂಗತಿಯಾದ್ದರಿಂದ ಅದನ್ನು ಅನಿರೀಕ್ಷಿತ ಎಂದು ವಾದಿಸಿ ಗೆಲ್ಲುವುದು ಕಷ್ಟ. ಐದು ವಿಷಯಗಳನ್ನು ಹೆಸರಿಟ್ಟು ಬರೆಸಿ: ಎರಡೂ ತಂಡ ಯಾವ ಬಗೆಯ ಪರೀಕ್ಷೆ ಮಾಡಿಸಬೇಕು, ಪಂದ್ಯಕ್ಕೆ ಎಷ್ಟು ಗಂಟೆ ಮುಂಚೆ ವರದಿ ಹಂಚಿಕೊಳ್ಳಬೇಕು, ಎಷ್ಟು ಆಟಗಾರರಿಗಿಂತ ಕಡಿಮೆಯಿದ್ದರೆ ಪಂದ್ಯ ಬಿಡಬಹುದು, ಬಿಟ್ಟರೆ ದಂಡವಿಲ್ಲ ಎಂಬುದು, ಅದಾಗಲೇ ಮಾಡಿದ ಪ್ರಯಾಣದ ಖರ್ಚು ಯಾರದ್ದು. ದೊಡ್ಡ ಕಾಲೇಜು ಹಣ ಕೊಟ್ಟು ಸಣ್ಣದನ್ನು ಕರೆಸುವ ಪಂದ್ಯಗಳಲ್ಲಿ ಈ ಐದನೆಯದರ ಮೇಲೇ ಜಗಳ. ಸಣ್ಣ ಕಾಲೇಜಿನವರಾಗಿದ್ದರೆ ಪರೀಕ್ಷೆಯ ಖರ್ಚನ್ನೂ ಆತಿಥೇಯರೇ ಕೊಡಲಿ ಎಂದು ಕೇಳಿ. ಕೇಳಿದವರಿಗೆ ಸಿಗುತ್ತದೆ.

ಜತೆಗೆ, ತುರ್ತಿಗೆ ಸಿಗುವ ನಾಲ್ಕೈದು ತಂಡಗಳ ಪಟ್ಟಿ, ಅವರ ಕೋಚ್‌ಗಳ ಫೋನ್ ನಂಬರ್, ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟ ಒಂದು ಪುಟದ ಒಪ್ಪಂದ ಸಿದ್ಧವಿರಲಿ. ಗೊಂಜಾಗ ಮತ್ತು ವರ್ಜೀನಿಯಾ ತಂಡಗಳು ಡಿಸೆಂಬರ್ 26ರಂದು ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಆಡಿದ್ದು ಹೀಗೆ ಕೆಲವೇ ದಿನಗಳ ಮಾತುಕತೆಯಲ್ಲಿ ಕುದುರಿದ ಪಂದ್ಯ.

ಹಂತ 4: ಒಳವಲಯ ಮತ್ತು ಪರೀಕ್ಷೆ

ಆಟಗಾರರು, ಕೋಚ್‌ಗಳು, ಅಥ್ಲೆಟಿಕ್ ಟ್ರೈನರ್, ವೈದ್ಯರು, ಸಲಕರಣೆ ನೋಡಿಕೊಳ್ಳುವವರು, ರೆಫರಿಗಳು: ಮುಖಾಮುಖಿ ಹತ್ತಿರ ಬರಲೇಬೇಕಾದ ಇವರೆಲ್ಲ ಎನ್‌ಸಿಎಎ ಭಾಷೆಯಲ್ಲಿ ಟಿಯರ್ ಒಂದು. ತಂಡದ ಕಡೆಯಿಂದ ಈ ಸಂಖ್ಯೆ 30 ದಾಟದಂತೆ ನೋಡಿಕೊಳ್ಳಿ. ದೇಣಿಗೆ ಕೊಟ್ಟವರು, ನಿರ್ದೇಶಕರ ಮನೆಯವರು, "ಒಂದು ನಿಮಿಷ ಬಂದು ಹೋಗುತ್ತೇನೆ" ಎನ್ನುವವರು, ಯಾರೂ ಒಳಗೆ ಬೇಡ. ನೇರಪ್ರಸಾರದವರು, ಶುಚಿ ಸಿಬ್ಬಂದಿ ಹೊರವಲಯದಲ್ಲಿ, ಬೇರೆ ಬಾಗಿಲಿನಲ್ಲಿ.

ಆ ವರ್ಷದ ನಿಯಮದ ಪ್ರಕಾರ ಸೀಸನ್ ನಡೆಯುವಾಗ ಟಿಯರ್ ಒಂದರವರಿಗೆ ವಾರಕ್ಕೆ ಮೂರು ಸಲ, ಒಂದರ ಬೆನ್ನಿಗೊಂದು ಬರದ ದಿನಗಳಲ್ಲಿ ಪರೀಕ್ಷೆ. ಮೂವತ್ತು ಮಂದಿ, ಮೂರು ಸಲ, ಹದಿನೈದು ವಾರ: 1,350. ಅಭ್ಯಾಸದ ಆರು ವಾರ ವಾರಕ್ಕೊಂದರಂತೆ 180. ಮರುಪರೀಕ್ಷೆಗೆಂದು ಶೇ 10 ಸೇರಿಸಿದರೆ 1,700ರ ಹತ್ತಿರ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಆಗ ಪಿಸಿಆರ್ ಪರೀಕ್ಷೆಗೆ ಕೊಡುತ್ತಿದ್ದ ದರ 100 ಡಾಲರ್. ಅದೇ ದರ ಹಿಡಿದರೆ ಒಂದು ತಂಡಕ್ಕೆ 1,70,000 ಡಾಲರ್. ಆಬಟ್ ಕಂಪನಿಯ ಕ್ಷಿಪ್ರ ಆಂಟಿಜೆನ್ ಕಾರ್ಡಿಗೆ ಆಗ ಐದೇ ಡಾಲರ್. ಈ ಅಂತರ ನೋಡಿದ ಕೂಡಲೇ ಎಲ್ಲವನ್ನೂ ಆಂಟಿಜೆನ್‌ಗೆ ಬದಲಿಸುವ ಆಸೆ ಹುಟ್ಟುತ್ತದೆ. ತಡೆಯಿರಿ. ಆಂಟಿಜೆನ್ 15 ನಿಮಿಷದಲ್ಲಿ ಉತ್ತರ ಕೊಡುತ್ತದೆ, ಆದರೆ ಲಕ್ಷಣವಿಲ್ಲದವರಲ್ಲಿ ಸೋಂಕಿನ ಆರಂಭವನ್ನು ಬಿಟ್ಟುಬಿಡಬಹುದು, ಸೋಂಕಿಲ್ಲದವರನ್ನೂ ಆಗಾಗ ಪಾಸಿಟಿವ್ ಎನ್ನುತ್ತದೆ. ಪಿಸಿಆರ್ ಸೂಕ್ಷ್ಮ, ಆದರೆ ಪ್ರಯೋಗಾಲಯದಿಂದ ವರದಿ ಬರಲು ಒಂದೆರಡು ದಿನ. ಆಂಟಿಜೆನ್ ಆರಿಸಿಕೊಂಡರೆ ದಿನವೂ ಮಾಡಿ. ವಾರಕ್ಕೆ ಮೂರೇ ಸಲವಾದರೆ ಪಿಸಿಆರ್ ಇರಲಿ.

ಗುರುವಾರ ಮತ್ತು ಶನಿವಾರ ಪಂದ್ಯವಿರುವ ವಾರದ ಒಂದು ಮಾದರಿ ಇಲ್ಲಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ, ತಿಂಡಿಗೂ ಮುಂಚೆ, ಸ್ಯಾಂಪಲ್. ಏಳೂವರೆಗೆ ಕೊರಿಯರ್ ಹೊರಡಬೇಕು, ಪ್ರಯೋಗಾಲಯ ಅದೇ ರಾತ್ರಿ ಯಂತ್ರಕ್ಕೆ ಹಾಕುವುದಾಗಿ ಲಿಖಿತವಾಗಿ ಒಪ್ಪಿರಬೇಕು. ಬುಧವಾರದ ವರದಿ ಗುರುವಾರ ಬೆಳಿಗ್ಗೆ ಕೈಗೆ. ಪ್ರಯಾಣದ ಪಂದ್ಯವಾದರೆ ಸ್ಯಾಂಪಲ್ ಕೊಟ್ಟು ಬಸ್ ಹತ್ತಿಸುವುದು ತಪ್ಪು: ವರದಿ ದಾರಿಯಲ್ಲಿ ಬಂದರೆ ಬಸ್ಸಿನಲ್ಲಿದ್ದವರೆಲ್ಲ ಸಂಪರ್ಕಿತರಾಗುತ್ತಾರೆ. ಹೊರಡುವ ಬೆಳಿಗ್ಗೆ ಎಲ್ಲರಿಗೂ ಆಂಟಿಜೆನ್ ಮಾಡಿ, ಉತ್ತರ ಬರುವವರೆಗೆ ಪ್ರತಿಯೊಬ್ಬರೂ ತಮ್ಮ ಕೋಣೆಯಲ್ಲೋ ಕಾರಿನಲ್ಲೋ ಕಾಯಲಿ. ಬಸ್ ಬಾಗಿಲಲ್ಲಿ ಟ್ರೈನರ್ ಪಟ್ಟಿ ಹಿಡಿದು ನಿಂತಿರಲಿ. ಹೆಸರಿನ ಮುಂದೆ ಗುರುತು ಬೀಳದೆ ಯಾರೂ ಮೆಟ್ಟಿಲು ಹತ್ತಬಾರದು, ಹೆಡ್ ಕೋಚ್ ಕೂಡ.

ಪ್ರತಿಯೊಬ್ಬರಿಗೂ ಒಂದು 90 ದಿನದ ತಾರೀಖು ಬರೆದಿಡಿ. ಸೋಂಕಿನಿಂದ ಗುಣವಾದವರು ಮೂರು ತಿಂಗಳು ಸಂಪರ್ಕಿತರಾದರೂ ಕ್ವಾರಂಟೈನ್ ಆಗಬೇಕಿಲ್ಲ, ಪರೀಕ್ಷೆಯೂ ಬೇಕಿಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಆಗ ಹೇಳಿತ್ತು. ಯಾರ ವಿನಾಯಿತಿ ಎಂದಿಗೆ ಮುಗಿಯುತ್ತದೆ ಎಂಬುದು ಗೊತ್ತಿಲ್ಲದ ತಂಡಗಳು ಫೆಬ್ರುವರಿಯಲ್ಲಿ ಪರದಾಡುತ್ತವೆ.

ಹಂತ 5: ಅಭ್ಯಾಸ

ಅಕ್ಟೋಬರ್ 14ರಿಂದ ನವೆಂಬರ್ 24ರವರೆಗಿನ 42 ದಿನದಲ್ಲಿ 30 ಅಭ್ಯಾಸ, ವಾರಕ್ಕೆ 20 ಗಂಟೆ, ದಿನಕ್ಕೆ ಹೆಚ್ಚೆಂದರೆ ನಾಲ್ಕು, ವಾರಕ್ಕೊಂದು ರಜೆ. ಅಭ್ಯಾಸ ಪಂದ್ಯಗಳಿಗೆ ಅವಕಾಶವಿರಲಿಲ್ಲ. ಮೂವತ್ತನ್ನೂ ಬಳಸುವ ಹಟ ಬೇಡ, 25ರ ಯೋಜನೆ ಹಾಕಿ.

ಆರು ಅಡಿಯೊಳಗೆ, ಒಂದು ದಿನದಲ್ಲಿ ಒಟ್ಟು 15 ನಿಮಿಷ: ನಿಕಟ ಸಂಪರ್ಕಕ್ಕೆ ಆಗಿದ್ದ ಅಳತೆ ಇದು. ಇಡೀ ತಂಡ ಎರಡು ಗಂಟೆ ಐದಕ್ಕೈದು ಆಡಿದರೆ ಎಲ್ಲರೂ ಎಲ್ಲರಿಗೂ ಸಂಪರ್ಕಿತರು. ಬದಲು ಹದಿನೈದು ಆಟಗಾರರನ್ನು ಐದೈದರ ಮೂರು ಗುಂಪು ಮಾಡಿ. ಇಲ್ಲೇ ಬಹಳ ಕೋಚ್‌ಗಳು ಎಡವುವುದು. ಕಲಿಸಲು ಸುಲಭವೆಂದು ಚೆಂಡು ಮುನ್ನಡೆಸುವ ಗಾರ್ಡ್‌ಗಳನ್ನೆಲ್ಲ ಒಂದು ಗುಂಪು, ಎತ್ತರದವರನ್ನೆಲ್ಲ ಇನ್ನೊಂದು ಗುಂಪು ಮಾಡುತ್ತಾರೆ. ಮೊದಲ ಗುಂಪಿನಲ್ಲಿ ಒಂದು ಪಾಸಿಟಿವ್ ಬಂದರೆ ಚೆಂಡು ಮುನ್ನಡೆಸಲು ಒಬ್ಬನೂ ಉಳಿಯುವುದಿಲ್ಲ. ಪ್ರತಿ ಗುಂಪಿಗೂ ಒಬ್ಬ ಪಾಯಿಂಟ್ ಗಾರ್ಡ್, ಒಬ್ಬ ಸೆಂಟರ್, ಒಬ್ಬ ಸಹಾಯಕ ಕೋಚ್ ಇರಲಿ. ಶೂಟಿಂಗ್, ಕಾಲ್ಚಲನೆ, ಆಟದ ತಂತ್ರದ ನಡಿಗೆ ಎಲ್ಲ ಗುಂಪಿನೊಳಗೇ. ಇಡೀ ತಂಡದ ಆಟ ಕೊನೆಗಿರಲಿ, ಏಳೆಂಟು ನಿಮಿಷದ ಎರಡು ತುಂಡಾಗಿ, ಎದುರುಬದುರು ನಿಲ್ಲುವ ಜೋಡಿ ಬದಲಿಸುತ್ತ. ಕೋಣೆ ಹಂಚಿಕೊಳ್ಳುವವರು ಒಂದೇ ಗುಂಪಿನವರಾಗಿರಲಿ. ಅಭ್ಯಾಸದಲ್ಲಿ ಬೇರೆಬೇರೆ ಇಟ್ಟು ರಾತ್ರಿ ಒಂದೇ ಕೋಣೆಗೆ ಕಳಿಸಿದರೆ ಎಲ್ಲವೂ ವ್ಯರ್ಥ.

ಇಡೀ ಅಂಗಳ ಕಾಣುವಂತೆ ಎತ್ತರದಲ್ಲಿ ಒಂದು ಕ್ಯಾಮೆರಾ ಇಟ್ಟು ಪ್ರತಿ ಅಭ್ಯಾಸವನ್ನೂ ಗಡಿಯಾರ ಸಮೇತ ಚಿತ್ರೀಕರಿಸಿ. "ನಾನು ಅವನ ಹತ್ತಿರ ಹೋಗಲೇ ಇಲ್ಲ" ಎಂಬ ನೆನಪಿನ ಮಾತಿಗೆ ಆರೋಗ್ಯಾಧಿಕಾರಿ ಬೆಲೆ ಕೊಡುವುದಿಲ್ಲ, ವಿಡಿಯೊಗೆ ಕೊಡುತ್ತಾರೆ. ಇಂಡಿಯಾನಾದಲ್ಲಿ ನಡೆದ 2021ರ ರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಇದಕ್ಕೆಂದೇ ಕಿನೆಕ್ಸಾನ್ ಎಂಬ ಕಂಪನಿಯ ಪುಟ್ಟ ಸೆನ್ಸರ್‌ಗಳನ್ನು ಎಲ್ಲರಿಗೂ ಹಾಕಿದ್ದರು.

ಸೋಂಕು ಅಂಗಳಕ್ಕಿಂತ ಹೆಚ್ಚು ಹರಡುವುದು ಮಾಸ್ಕ್ ಕಳಚುವ ಕಡೆ: ಊಟದ ಮೇಜು, ವಿಡಿಯೊ ನೋಡುವ ಸಣ್ಣ ಕೋಣೆ, ಲಾಕರ್ ರೂಮ್, ಐಸ್ ಬಾತ್. ವಿಡಿಯೊ ಸಭೆಯನ್ನು ಗ್ಯಾಲರಿಯಲ್ಲಿ ನಡೆಸಿ, ಇಲ್ಲವೇ ಜೂಮ್‌ನಲ್ಲಿ. ಸಭಾಂಗಣದ ಗಾಳಿ ವ್ಯವಸ್ಥೆಯಲ್ಲಿ ಮರ್ವ್-13 ದರ್ಜೆಯ ಫಿಲ್ಟರ್ ಹಾಕಿಸಿ, ಹೊರಗಿನ ಗಾಳಿಯ ಪ್ರಮಾಣ ಹೆಚ್ಚಿಸಿ. ಚೆಂಡು ಒರೆಸುವುದಕ್ಕೆ ಆಗ ಎಲ್ಲರೂ ಬಹಳ ಶ್ರಮಪಟ್ಟರು. ಅಷ್ಟು ಶ್ರಮ ಗಾಳಿಗೆ ಹಾಕಿದ್ದರೆ ಚೆನ್ನಾಗಿತ್ತು.

ಹಂತ 6: ಪ್ರಯಾಣ, ಪಂದ್ಯದ ದಿನ

ಬಸ್ಸಿನಲ್ಲಿ ಹೋಗಿ ಅದೇ ರಾತ್ರಿ ಮರಳಬಹುದಾದ ಕಡೆ ಹೋಟೆಲ್ ಬೇಡ. ಒಂದರ ಬದಲು ಎರಡು ಬಸ್, ಅಭ್ಯಾಸದ ಗುಂಪಿನ ಪ್ರಕಾರ ಆಸನ, ಪ್ರತಿ ಸಲವೂ ಅದೇ ಆಸನ. ಯಾರು ಎಲ್ಲಿ ಕುಳಿತಿದ್ದರೆಂಬ ನಕ್ಷೆಯನ್ನು ಮ್ಯಾನೇಜರ್ ಫೋನಿನಲ್ಲಿ ಇಟ್ಟುಕೊಳ್ಳಲಿ. ಹೋಟೆಲ್ ಆದರೆ ಒಬ್ಬರಿಗೊಂದು ಕೋಣೆ, ಊಟ ಡಬ್ಬಿಯಲ್ಲಿ ಬಾಗಿಲಿಗೆ, ಪಾಸಿಟಿವ್ ಆದವರಿಗೆಂದು ಎರಡು ಕೋಣೆ ಹೆಚ್ಚುವರಿ, ಅವರನ್ನು ವಾಪಸ್ ಕರೆತರಲು ಬೇರೆ ವಾಹನ. ಈ ಕೊನೆಯದನ್ನು ಮರೆತರೆ ಊರಿನಿಂದ 600 ಕಿಲೋಮೀಟರ್ ದೂರದಲ್ಲಿ ಜ್ವರದ ಹುಡುಗನೊಬ್ಬ, ಅವನನ್ನು ಕರೆದೊಯ್ಯಲು ಯಾರೂ ಇಲ್ಲದ ಪರಿಸ್ಥಿತಿ ಬರುತ್ತದೆ.

ಅಂಗಳದಲ್ಲಿ ಬೆಂಚನ್ನು ಅಂತರ ಬಿಟ್ಟ ಕುರ್ಚಿಗಳ ಎರಡು ಮೂರು ಸಾಲು ಮಾಡಿ. ಹೆಸರು ಬರೆದ ಬಾಟಲಿ, ಹೆಸರು ಬರೆದ ಟವೆಲ್. ಕೈಕುಲುಕಾಟ ಬೇಡ. ರೆಫರಿಗಳು ಬೇರೆಬೇರೆ ಕಾನ್ಫರೆನ್ಸ್‌ಗಳಲ್ಲಿ ವಾರಕ್ಕೆ ಹಲವು ಪಂದ್ಯ ಮಾಡುವವರು, ಊರೂರು ಸುತ್ತುವವರು. ನಿಮ್ಮ ಕಾನ್ಫರೆನ್ಸ್ ಪ್ರಾದೇಶಿಕ ತಂಡ ಮಾಡಿ, ಕಾರಿನಲ್ಲಿ ಬರುವವರನ್ನೇ ನೇಮಿಸುವಂತೆ ಒತ್ತಾಯಿಸಿ. ಮೂವರ ಜತೆ ನಾಲ್ಕನೆಯವರೊಬ್ಬರು ಕಾಯ್ದಿರಲಿ. ಊದುವ ಸೀಟಿಯ ಬದಲು ಕೈಯಲ್ಲಿ ಒತ್ತುವ ಎಲೆಕ್ಟ್ರಾನಿಕ್ ಸೀಟಿ ಬಳಸುವುದಾದರೆ ಅದರ ಶಬ್ದವನ್ನು ಅಭ್ಯಾಸದಲ್ಲೇ ಆಟಗಾರರಿಗೆ ಕೇಳಿಸಿ, ಇಲ್ಲದಿದ್ದರೆ ಮೊದಲ ಪಂದ್ಯದಲ್ಲಿ ಸೀಟಿ ಆದರೂ ಆಟ ನಿಲ್ಲುವುದಿಲ್ಲ.

ಪಂದ್ಯ ರದ್ದಾಗುವುದು ಕೊನೆಯ ಕ್ಷಣದಲ್ಲೇ. 2020ರ ಡಿಸೆಂಬರ್ 5ರಂದು ಇಂಡಿಯಾನಾಪೊಲಿಸ್‌ನಲ್ಲಿ ಗೊಂಜಾಗ ಮತ್ತು ಬೇಲರ್ ಆಡಬೇಕಿತ್ತು, ದೇಶದ ಮೊದಲ ಎರಡು ಸ್ಥಾನದ ತಂಡಗಳು. ಆರಂಭಕ್ಕೆ ಎರಡು ಗಂಟೆಯೂ ಇಲ್ಲದಾಗ ರದ್ದಾಯಿತು. ಕೊನೆಗೆ ಅವು ಎದುರಾದದ್ದು ಏಪ್ರಿಲ್ 5ರ ಫೈನಲ್‌ನಲ್ಲಿ. ಬೇಲರ್ 86-70ರಿಂದ ಗೆದ್ದಿತು.

ಹಂತ 7: ಪಾಸಿಟಿವ್ ಬಂದಾಗ

ಮೊದಲ ಗಂಟೆಯಲ್ಲಿ ಮಾಡಬೇಕಾದ್ದು ಮುಂಚೆಯೇ ಬರೆದಿರಬೇಕು. ಆಟಗಾರ ಪ್ರತ್ಯೇಕ ಕೋಣೆಗೆ. ಆಂಟಿಜೆನ್ ಪಾಸಿಟಿವ್ ಆಗಿದ್ದರೆ ಕೂಡಲೇ ಪಿಸಿಆರ್. ಆ ವರದಿ ಬರುವವರೆಗೆ ಅಭ್ಯಾಸ ಬಂದ್. ಲಕ್ಷಣ ಶುರುವಾಗುವುದಕ್ಕೆ ಅಥವಾ ಸ್ಯಾಂಪಲ್ ಕೊಟ್ಟದ್ದಕ್ಕೆ ಎರಡು ದಿನ ಹಿಂದಿನವರೆಗಿನ ವಿಡಿಯೊ, ಬಸ್ ನಕ್ಷೆ, ಕೋಣೆ ಪಟ್ಟಿ ಆರೋಗ್ಯಾಧಿಕಾರಿಗೆ. ಎದುರಾಳಿಗೂ ಹಿಂದಿನ ಪಂದ್ಯದ ರೆಫರಿಗಳಿಗೂ ಫೋನ್. ಮಾತಾಡುವವರು ಒಬ್ಬರೇ ಇರಲಿ, ವೈದ್ಯರು, ಕೋಚ್ ಅಲ್ಲ. ಗೆಲ್ಲಬೇಕಾದವರ ಕೈಗೆ ಈ ನಿರ್ಧಾರ ಕೊಡಬಾರದು.

ಆಗ ಸೋಂಕಿತರಿಗೆ ಹತ್ತು ದಿನ ಐಸೊಲೇಷನ್ ಇತ್ತು. ಸಂಪರ್ಕಿತರಿಗೆ 14 ದಿನ ಇದ್ದದ್ದನ್ನು ಸಿಡಿಸಿ ಡಿಸೆಂಬರ್ 2ರಂದು ಸಡಿಲಿಸಿ, ಪರೀಕ್ಷೆಯಿಲ್ಲದೆ ಹತ್ತು, ನೆಗೆಟಿವ್ ವರದಿಯಿದ್ದರೆ ಏಳು ದಿನದ ಆಯ್ಕೆ ಕೊಟ್ಟಿತು. ಆದರೆ ಸ್ಥಳೀಯ ಇಲಾಖೆ ಒಪ್ಪಿದರೆ ಮಾತ್ರ. ಮೊದಲ ಹಂತದ ಹಾಳೆಯನ್ನು ಮತ್ತೆ ನೋಡಿ.

ಹತ್ತು ದಿನ ಮುಗಿದ ಮರುದಿನ ಆಡಿಸುವುದು ಅಪಾಯ. ಹೃದಯದ ಸ್ನಾಯುವಿನ ಉರಿಯೂತದ ಭಯದಿಂದ ಇಸಿಜಿ, ಟ್ರೊಪೊನಿನ್ ರಕ್ತಪರೀಕ್ಷೆ, ಎಕೋ ಮಾಡಿಸುವ ರೂಢಿ ಬಂತು; ಬಿಗ್ ಟೆನ್ ಕಾನ್ಫರೆನ್ಸ್ ಹೃದಯದ ಎಂಆರ್‌ಐ ಕೂಡ ಕಡ್ಡಾಯ ಮಾಡಿತ್ತು, ಕನಿಷ್ಠ 17 ದಿನದ ಬಿಡುವನ್ನೂ. ಅದರ ನಂತರ ಸೈಕಲ್ ತುಳಿತ, ಲಘು ಓಟ, ಒಂಟಿ ಶೂಟಿಂಗ್, ಸಂಪರ್ಕವಿಲ್ಲದ ಅಭ್ಯಾಸ, ಪೂರ್ಣ ಅಭ್ಯಾಸ, ದಿನಕ್ಕೊಂದು ಮೆಟ್ಟಿಲು. ಎದೆನೋವು, ತಲೆಸುತ್ತು, ಮಾಮೂಲಿಗಿಂತ ಜೋರಾದ ಎದೆಬಡಿತ ಕಂಡರೆ ಅಲ್ಲಿಗೇ ನಿಲ್ಲಿಸಿ. ಕ್ವಾರಂಟೈನ್‌ನಲ್ಲಿ ಕೋಣೆಗೊಂದು ಸೈಕಲ್, ರಬ್ಬರ್ ಬ್ಯಾಂಡ್ ತಲುಪಿಸಿದರೆ ಮರಳಿದ ಮೇಲೆ ಮೀನಖಂಡ ಹಿಡಿದುಕೊಂಡು ಕೂರುವವರು ಕಡಿಮೆ.

ದೀರ್ಘ ಬಿಡುವಿನಿಂದ ಮರಳಿದ ತಂಡ ಸೋಲಲೇಬೇಕೆಂದಿಲ್ಲ. ಮಿಷಿಗನ್ ಮೂರು ವಾರ ನಿಂತು ಫೆಬ್ರುವರಿ 14ರಂದು ವಿಸ್ಕಾನ್ಸಿನ್ ತಂಡವನ್ನು ಅದರ ತವರಲ್ಲೇ ಸೋಲಿಸಿತು. ಅಯೋನಾ ಏಳು ವಾರ ಅಂಗಳಕ್ಕಿಳಿಯದೆಯೂ ತನ್ನ ಕಾನ್ಫರೆನ್ಸ್ ಟೂರ್ನಮೆಂಟ್ ಗೆದ್ದು ರಾಷ್ಟ್ರೀಯ ಕೂಟಕ್ಕೆ ಬಂತು. ಮರಳಿದ ಮೊದಲ ಪಂದ್ಯದಲ್ಲಿ ಯಾರಿಗೂ 25 ನಿಮಿಷಕ್ಕಿಂತ ಹೆಚ್ಚು ಆಡಿಸಬೇಡಿ. ಅಷ್ಟು ಬೆಂಚ್ ಇಲ್ಲದಿದ್ದರೆ ಇನ್ನೂ ಮರಳುವ ಹೊತ್ತಾಗಿಲ್ಲ.

ಹಂತ 8: ಟೂರ್ನಮೆಂಟ್

2021ರಲ್ಲಿ ಪುರುಷರ ಎಲ್ಲ ಪಂದ್ಯಗಳೂ ಇಂಡಿಯಾನಾದಲ್ಲಿ, ಆರು ಅಂಗಳಗಳಲ್ಲಿ ನಡೆದವು. ಬರುವ ಮುನ್ನ ಸತತ ಏಳು ದಿನ ನೆಗೆಟಿವ್, ಬಂದ ಮೇಲೆ ಎರಡು ನೆಗೆಟಿವ್ ಬರುವವರೆಗೆ ಕೋಣೆಯಲ್ಲೇ, ಆಮೇಲೆ ದಿನವೂ ಪರೀಕ್ಷೆ. ತಂಡಕ್ಕೆ 34 ಜನ, ತಂಡಕ್ಕೊಂದು ಹೋಟೆಲ್ ಮಹಡಿ. ಐದು ಆರೋಗ್ಯವಂತ ಆಟಗಾರರಿದ್ದರೆ ಆಡಬೇಕು. ಆಡಲಾಗದ ತಂಡಕ್ಕೆ ಸೆಲೆಕ್ಷನ್ ಸಂಡೇ ನಂತರದ ಮಂಗಳವಾರ ಸಂಜೆಯವರೆಗೆ ಮಾತ್ರ ಬದಲಿ ತಂಡ, ಆಮೇಲೆ ಎದುರಾಳಿಗೆ ನೇರ ಮುನ್ನಡೆ. ವಿಸಿಯು ತಂಡ ಓರೆಗಾನ್ ವಿರುದ್ಧ ಆಡಲಾಗದೆ ಮನೆಗೆ ಹೋದದ್ದು ಹೀಗೆ.

ಇಲ್ಲಿ ಯೋಜಕರ ಮುಂದಿರುವ ಕಠಿಣ ಪ್ರಶ್ನೆ ಏಳು ದಿನದ ನೆಗೆಟಿವ್. ಕಾನ್ಫರೆನ್ಸ್ ಟೂರ್ನಮೆಂಟ್ ನಡೆಯುವುದೂ ಅದೇ ಏಳು ದಿನದಲ್ಲಿ. ಕಾನ್ಸಾಸ್ ಮತ್ತು ವರ್ಜೀನಿಯಾ ತಮ್ಮ ಕಾನ್ಫರೆನ್ಸ್ ಕೂಟದಿಂದ ಪಾಸಿಟಿವ್ ಕಾರಣಕ್ಕೆ ನಡುವೆಯೇ ಹೊರಬಿದ್ದವು. ವರ್ಜೀನಿಯಾ ಪಂದ್ಯದ ಹಿಂದಿನ ದಿನವಷ್ಟೇ ಇಂಡಿಯಾನಾ ತಲುಪಿ ಮೊದಲ ಸುತ್ತಿನಲ್ಲೇ ಓಹಾಯೊ ತಂಡಕ್ಕೆ ಸೋತಿತು. ರಾಷ್ಟ್ರೀಯ ಕೂಟಕ್ಕೆ ನಿಮ್ಮ ಜಾಗ ಖಚಿತವಿದ್ದರೆ ಕಾನ್ಫರೆನ್ಸ್ ಕೂಟದಲ್ಲಿ ಲಾಭಕ್ಕಿಂತ ಅಪಾಯವೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಖಚಿತವಿಲ್ಲದಿದ್ದರೆ ಹೋಗಲೇಬೇಕು, ಬೇರೆ ದಾರಿಯಿಲ್ಲ.

ಆತಿಥೇಯರಾಗಿ ಮಹಿಳೆಯರ ಕೂಟವನ್ನೂ ನಡೆಸುವವರಿಗೆ: ಸ್ಯಾನ್ ಆಂಟೊನಿಯೊದಲ್ಲಿ 64 ಮಹಿಳಾ ತಂಡಗಳಿಗೆ ಒಂದು ಪುಟ್ಟ ಡಂಬೆಲ್ ಸ್ಟ್ಯಾಂಡ್ ಮತ್ತು ಯೋಗ ಚಾಪೆ ಇಟ್ಟು, ಪುರುಷರಿಗೆ ಇಡೀ ಜಿಮ್ ಕೊಟ್ಟಿದ್ದರು. ಪುರುಷರಿಗೆ ದಿನವೂ ಪಿಸಿಆರ್, ಮಹಿಳೆಯರಿಗೆ ಆಂಟಿಜೆನ್. ಓರೆಗಾನ್ ಆಟಗಾರ್ತಿ ಸೆಡೋನಾ ಪ್ರಿನ್ಸ್ ಹಾಕಿದ ವಿಡಿಯೊ ದೇಶವೆಲ್ಲ ಹರಿದಾಡಿ ಎನ್‌ಸಿಎಎ ಕ್ಷಮೆ ಕೇಳಬೇಕಾಯಿತು. ಎರಡೂ ಕೂಟಗಳ ಸಲಕರಣೆ ಪಟ್ಟಿಯನ್ನು ಒಬ್ಬರೇ ಅಧಿಕಾರಿ ಅಕ್ಕಪಕ್ಕ ಇಟ್ಟು ಸಹಿ ಹಾಕಲಿ.

ಹಂತ 9: ಆಡದಿರುವ ಆಯ್ಕೆ, ಮುಂದಿನ ವರ್ಷದ ಲೆಕ್ಕ

ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಕಾನ್ಫರೆನ್ಸ್ ನವೆಂಬರ್ 12ರಂದೇ ಸೀಸನ್ ರದ್ದು ಮಾಡಿತು. ಡ್ಯೂಕ್ ಮಹಿಳಾ ತಂಡ ನಾಲ್ಕು ಪಂದ್ಯ ಆಡಿ ಡಿಸೆಂಬರ್ 25ರಂದು ನಿಲ್ಲಿಸಿತು. ಹೀಗೆ ನಿಲ್ಲಿಸುವ ಹಕ್ಕು ಆಟಗಾರರಿಗೂ ಇದೆ ಎಂದು ಸೀಸನ್ ಮುನ್ನವೇ ಬರೆದುಕೊಡಿ. ವಿದ್ಯಾರ್ಥಿವೇತನಕ್ಕೆ ಕೈ ಹಾಕುವುದಿಲ್ಲ ಎಂಬ ಸಾಲು ಅದರಲ್ಲಿರಲಿ.

ಆ ಚಳಿಗಾಲದ ಎಲ್ಲ ಆಟಗಾರರಿಗೂ ಎನ್‌ಸಿಎಎ ಕಾಲೇಜು ತಂಡದಲ್ಲಿ ಆಡಲು ಒಂದು ವರ್ಷ ಹೆಚ್ಚುವರಿ ಅರ್ಹತೆ ಕೊಟ್ಟಿತು. ಮರುವರ್ಷ ಉಳಿದುಕೊಂಡ ಅಂತಿಮ ವರ್ಷದವರನ್ನು ಪುರುಷರ ತಂಡಕ್ಕೆ ಆಗಿದ್ದ 13 ವಿದ್ಯಾರ್ಥಿವೇತನದ ಮಿತಿಯಲ್ಲಿ ಎಣಿಸಲಿಲ್ಲ. ಮಿತಿ ಇಲ್ಲದಿದ್ದರೂ ಖರ್ಚು ಇದ್ದೇ ಇದೆ. ಹೊಸಬರನ್ನು ನೇರ ಭೇಟಿ ಮಾಡುವುದಕ್ಕೂ 2021ರ ಮೇ ಕೊನೆಯವರೆಗೆ ನಿಷೇಧವಿತ್ತು. ಜನವರಿಯಲ್ಲೇ ಪ್ರತಿಯೊಬ್ಬ ಹಿರಿಯ ಆಟಗಾರನನ್ನೂ ಕೂರಿಸಿ ಉಳಿಯುತ್ತಾನೋ ಇಲ್ಲವೋ ಕೇಳಿ.

ಎರಡನೇ ಸೀಸನ್ನಿಗೆ ನಿಯಮ ಬರೆಯುವಾಗ ಅವಸರ ಬೇಡ. ಲಸಿಕೆ ಬಂತೆಂದು 2021-22ಕ್ಕೆ ಹಲವು ಕಾನ್ಫರೆನ್ಸ್‌ಗಳು "ಆಡಲಾಗದ ತಂಡಕ್ಕೆ ಸೋಲು" ಎಂದು ನಿಯಮ ಮಾಡಿದವು. ಡಿಸೆಂಬರ್‌ನಲ್ಲಿ ಒಮಿಕ್ರಾನ್ ಬಂದು ಲಸಿಕೆ ಪಡೆದ ತಂಡಗಳೇ ಮಲಗಿದಾಗ ಸೀಸನ್ ನಡುವೆ ಅದನ್ನು ತಿದ್ದಬೇಕಾಯಿತು. ಇಂಥ ನಿಯಮದಲ್ಲಿ ಮೂರು ಅಂಶ ಇರಲಿ: ಏಳು ಆಟಗಾರರೂ ಒಬ್ಬ ಕೋಚ್‌ ಕೂಡ ಇದ್ದರೆ ಆಡಲೇಬೇಕು, ಅದಕ್ಕಿಂತ ಕಡಿಮೆಯಿದ್ದರೆ ಮೊದಲು ಮುಂದೂಡಿಕೆ, ಜಾಗ ಸಿಗದಿದ್ದರೆ ಫಲಿತಾಂಶವಿಲ್ಲ, ಪಟ್ಟಿಯ ಸ್ಥಾನ ಗೆಲುವಿನ ಸಂಖ್ಯೆಯ ಮೇಲಲ್ಲ, ಗೆಲುವಿನ ಶೇಕಡಾವಾರಿನ ಮೇಲೆ. ಯಾವ ತಂಡವೂ ಸಮಾನ ಸಂಖ್ಯೆಯ ಪಂದ್ಯ ಆಡುವುದಿಲ್ಲ ಎಂಬುದನ್ನು ಮೊದಲ ದಿನವೇ ಒಪ್ಪಿಕೊಂಡು, ಕನಿಷ್ಠ ಎಷ್ಟು ಲೀಗ್ ಪಂದ್ಯ ಆಡಿದವರಿಗೆ ಪಟ್ಟಿಯಲ್ಲಿ ಜಾಗ ಎಂಬ ಅಂಕಿಯನ್ನೂ ಅದೇ ಕಾಗದದಲ್ಲಿ ಸೇರಿಸಿ, ಎಲ್ಲ ಕಾಲೇಜುಗಳ ಸಹಿ ಅಕ್ಟೋಬರ್‌ನೊಳಗೆ ಪಡೆಯಿರಿ.